ಮುಚ್ಚಿದ ಶಟರಿನ ಮೇಲೆ ಭರ್ಜರಿ ವ್ಯಾಪಾರ

ನಗರ ಸೌಂದರ್ಯ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ, ಪೇಟೆಬೀದಿಯ ಗುಂಡಿ-ದಾರದ ಅಂಗಡಿಯವಳು ನಾಲ್ಕು ಜನರ ಮುಂದೆ ಮಾಡಿಕೊಳ್ಳುವ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಚೇರಿಯ ಹೊಸ ಗಾಜಿನ ಬಾಗಿಲೂ ಅದರ ಹಿಂದಿನ ತಂಪುಗಾಳಿಯೂ ಕ್ಷೇಮವಾಗಿವೆ ಎಂಬುದನ್ನು, ಅಲ್ಲಿ ಅರ್ಧ ದಿನ ಕಾದು ಬಂದವರೊಬ್ಬರಿಂದ ತಿಳಿದು ಸಂತೋಷಪಟ್ಟೆ. ಅವರ ವಿಷಯವಾಗಿಯೇ ಈ ಪತ್ರ.

ನಮ್ಮ ಬೀದಿಯ ಬೀಗದ ಅಂಗಡಿ, ಕೊಡೆ ಅಂಗಡಿ, ಬೇಕರಿ, ಪುಸ್ತಕದಂಗಡಿ ಎಲ್ಲ ಒಂದರ ಹಿಂದೊಂದು ಬಾಗಿಲೆಳೆದುಕೊಂಡಾಗ, ಬಸ್ ನಿಲ್ದಾಣವನ್ನು ಮೊದಲಿದ್ದ ಜಾಗಕ್ಕೇ ತನ್ನಿ, ಜನ ಬರುತ್ತಾರೆ ಎಂದು ನಾವು ತಮ್ಮಲ್ಲಿ ಗೋಗರೆದಿದ್ದೆವು. ಅಂಥ ಸಣ್ಣಪುಟ್ಟ ಯೋಚನೆಗೆಲ್ಲ ತಾವು ಇಳಿಯುವುದುಂಟೇ? ಕಲಾವಿದರನ್ನು ಕಳಿಸಿ, ಮುಚ್ಚಿದ ಶಟರುಗಳ ಮೇಲೆ ತುಂಬಿ ತುಳುಕುವ ಅಂಗಡಿಗಳ ಚಿತ್ರ ಬರೆಸಿದಿರಿ. ಅಂಗಡಿ ಇಲ್ಲದಿದ್ದರೇನು, ವ್ಯಾಪಾರ ನಿಲ್ಲಬಾರದೆಂಬ ತಮ್ಮ ಕಳಕಳಿಯನ್ನು ಹೊಗಳಲು ನನಗೆ ಮಾತು ಸಾಲದು. ಬೇಕರಿಯ ಶಟರಿನ ಮೇಲಿನ ಬನ್ನುಗಳಂತೂ ಎಷ್ಟು ಉಬ್ಬಿವೆಯೆಂದರೆ, ಆ ಬೇಕರಿಯವರು ಜನ್ಮದಲ್ಲಿ ಅಂಥ ಬನ್ನು ಮಾಡಿದವರಲ್ಲ.

ನನ್ನ ಪಕ್ಕದ ಚಪ್ಪಲಿ ಅಂಗಡಿಯ ಯಜಮಾನರನ್ನು ನಾನು ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ದೊಡ್ಡಪ್ಪ ಎಂದೇ ಕರೆಯುವುದು. ಅವರ ತಂದೆ ಇಟ್ಟ ಅಂಗಡಿ ಅದು. ಇತ್ತೀಚಿನ ಗಿರಾಕಿಗಳು ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ಕೆಳಗೆ ತರಿಸಿ, ಹಾಕಿ, ಬಿಚ್ಚಿ, ನಡೆದು ನೋಡಿ, ಕಾಲಿಗೆ ಸರಿಯಾದ ಅಳತೆ ಗೊತ್ತಾದ ಮೇಲೆ ಅಂಗಡಿಯ ಬೆಂಚಿನ ಮೇಲೆ ಕೂತೇ ಫೋನಿನಲ್ಲಿ ಬೇರೆಲ್ಲಿಂದಲೋ ತರಿಸಿಕೊಂಡು, “ಥ್ಯಾಂಕ್ಸ್ ಅಂಕಲ್, ತುಂಬಾ ಸಹಾಯ ಆಯ್ತು” ಎಂದು ಎದ್ದುಹೋಗುತ್ತಿದ್ದರು. ಕಳೆದ ವರ್ಷ ದೊಡ್ಡಪ್ಪನೂ ಶಟರ್ ಎಳೆದುಬಿಟ್ಟರು. ತಮ್ಮ ಕಲಾವಿದರು ಅದರ ಮೇಲೆ ಅವರನ್ನೇ ಬರೆದರು. ಬಾಯಿ ತುಂಬ ನಗು, ಎರಡೂ ಕೈಯಲ್ಲಿ ಜೋಡುಗಳು, ಸುತ್ತ ಮುಗಿಬಿದ್ದ ಗಿರಾಕಿಗಳು. ಚಿತ್ರ ನೋಡಿದ ದೊಡ್ಡಮ್ಮ, “ಇವರಿಗೆ ಇಷ್ಟೊಂದು ಹಲ್ಲಿರೋದು ನಂಗೇ ಗೊತ್ತಿರ್ಲಿಲ್ಲ ಕಣೇ” ಎಂದರು.

ದೊಡ್ಡಪ್ಪ ನಗಲಿಲ್ಲ. ಸಂಜೆಯಾದರೆ ಬಂದು ಅದರೆದುರು ನಿಲ್ಲುತ್ತಿದ್ದರು. ಒಮ್ಮೆ ಫೋಟೋ ತೆಗೆದುಕೊಳ್ಳಲು ಬಂದ ಹುಡುಗಿ ಬಲು ವಿನಯದಿಂದ, “ತಾತಾ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಅಂಗಡಿಯವರು ಕಾಣ್ತಿಲ್ಲ” ಎಂದಳು. ಅವರು ಸರಿದರು. ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. ಲೋಟ ಬರಿದಾದ ಮೇಲೂ ಅದನ್ನು ಹಿಡಿದೇ ಕೂತಿದ್ದರು. ತಮ್ಮ ಯೋಜನೆಯ ಯಶಸ್ಸನ್ನು ಅಷ್ಟು ಹತ್ತಿರದಿಂದ ಕಂಡ ಭಾಗ್ಯ ನನ್ನದು.

ಕೆಲವು ದಿನಗಳ ನಂತರ, ಬಾರು ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದ ಹೆಂಗಸೊಬ್ಬಳು ಆ ಚಿತ್ರವನ್ನು ದೂರದಿಂದ ನಿಜದ ಅಂಗಡಿಯೆಂದೇ ನಂಬಿ, ಕಾದ ರಸ್ತೆಯನ್ನು ಬರಿಗಾಲಲ್ಲಿ ದಾಟಿ ಬಂದು, ಶಟರಿಗೆ ಕೈ ತಾಗಿದ ಮೇಲೆ ಪೆಚ್ಚಾಗಿ ನಿಂತಳು. ನನ್ನ ಸ್ಟೂಲಿನ ಮೇಲಿದ್ದ ದೊಡ್ಡಪ್ಪ ದಡಬಡಿಸಿ ಎದ್ದು, “ನಿಲ್ಲಮ್ಮಾ, ಹೋಗ್ಬೇಡ!” ಎಂದು ಬೀದಿಗಿಳಿದು, ಮಹಡಿಯ ಮನೆಯ ಕಡೆ ತಲೆಯೆತ್ತಿ, “ಏಯ್, ಬೀಗದ್ಕೈ ಎಲ್ಲಿಟ್ಟಿದ್ದೀಯೇ?” ಎಂದು ಕೂಗಿದರು. ಕೇಳುವುದನ್ನೇ ಕಾಯುತ್ತಿದ್ದವರಂತೆ ದೊಡ್ಡಮ್ಮ ಕಿಟಕಿಯಿಂದ ಗೊಂಚಲನ್ನು ಎಸೆದು, “ಈಗ್ಲಾದ್ರೂ ಕೇಳಿದ್ರಲ್ಲ!” ಎಂದರು. ಶಟರ್ ಎದ್ದಿತು. ಹೊಸ ಚಪ್ಪಲಿ ಮೆಟ್ಟಿಕೊಂಡು ಆಕೆ ಹೋದಳು. ಮಾರನೆಯ ದಿನವೂ ಅಂಗಡಿ ತೆರೆಯಿತು, ಅದರ ಮಾರನೆಯ ದಿನವೂ.

ಆಗ ಬಂತು ತಮ್ಮ ನೋಟೀಸು. ಶಟರ್ ಎತ್ತಿದರೆ ಸಾರ್ವಜನಿಕ ಕಲಾಕೃತಿ ಸುರುಳಿ ಸುತ್ತಿಕೊಂಡು ಮರೆಯಾಗುವುದೆಂದೂ, ಈ ಬೀದಿಯ ವ್ಯಾಪಾರ ಹೇಗೆ ನಡೆಯುತ್ತಿದೆಯೆಂದು ನೋಡಬಂದವರಿಗೆ ನಿರಾಸೆಯಾಗುವುದೆಂದೂ, ಆದಕಾರಣ ಹಗಲು ಹೊತ್ತಿನಲ್ಲಿ ಶಟರ್ ಇಳಿದೇ ಇರತಕ್ಕದ್ದೆಂದೂ ಅದರಲ್ಲಿತ್ತು. ದೊಡ್ಡಪ್ಪ ತಮ್ಮ ಕಚೇರಿಗೆ ಬಂದು, ಆ ತಂಪಿನಲ್ಲಿ ಕಾದು, ಕೊನೆಗೆ ಗುಮಾಸ್ತರನ್ನು ಕಂಡರು. ಅವರು ಕೊಟ್ಟ ಉತ್ತರಕ್ಕೆ ಚೌಕಟ್ಟು ಹಾಕಿಸಬೇಕು: “ಅಂಗಡಿ ತೆರೀಬೇಡಿ ಅಂತ ಯಾರಂದ್ರು ಯಜಮಾನ್ರೇ? ಶಟರ್ ಎತ್ತಬೇಡಿ ಅಂದ್ವಿ, ಅಷ್ಟೇ.”

ದೊಡ್ಡಪ್ಪ ಕಾನೂನಿಗೆ ತಲೆಬಾಗುವವರು. ಈಗ ಗಿರಾಕಿಗಳೂ ಬಾಗುತ್ತಾರೆ. ದೊಡ್ಡಪ್ಪ ಶಟರನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿದ್ದಾರೆ. ಚಿತ್ರದ ಮೇಲರ್ಧ, ಅಂದರೆ ಮುಖ, ನಗು, ಹಲ್ಲು ಎಲ್ಲ ಒಳಗೆ ಸುತ್ತಿಕೊಂಡು, ಬಾಗಿಲ ನೆತ್ತಿಯ ಮೇಲೆ ಬರೀ ಕಾಲುಗಳು ಸಾಲಾಗಿ ತೂಗುತ್ತಿವೆ. ಚಪ್ಪಲಿ ಅಂಗಡಿಗೆ ಇದಕ್ಕಿಂತ ಒಳ್ಳೆಯ ಬೋರ್ಡು ಯಾರು ಬರೆದಾರು? ನಗಲು ಬಂದವರು ಬಗ್ಗಿ ಇಣುಕುತ್ತಾರೆ, ಇಣುಕಿದವರಲ್ಲಿ ಕೆಲವರು ಒಳಗೆ ಬರುತ್ತಾರೆ, ಬಂದವರಲ್ಲಿ ಒಬ್ಬಿಬ್ಬರು ಕೊಳ್ಳುತ್ತಾರೆ. ವ್ಯಾಪಾರ ಭರ್ಜರಿಯೇನಲ್ಲ. ಆದರೆ ಮೊನ್ನೆ ಮಧ್ಯಾಹ್ನ ದೊಡ್ಡಮ್ಮ ಊಟಕ್ಕೆ ಕರೆದಾಗ, ದೊಡ್ಡಪ್ಪ ಒಳಗಿನಿಂದ, “ತಡಿಯೇ, ಗಿರಾಕಿ ಇದ್ದಾರೆ!” ಎಂದು ಗದರಿದ್ದು ನನ್ನ ಗಲ್ಲಾದವರೆಗೂ ಕೇಳಿಸಿತು. ಬಹಳ ಕಾಲದ ಮೇಲೆ ಗಂಡನಿಂದ ಬೈಸಿಕೊಂಡ ದೊಡ್ಡಮ್ಮನ ಮುಖ ಆಗ ನೋಡಬೇಕಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ದಯಮಾಡಿ ಆ ನೋಟೀಸನ್ನೂ ಚಿತ್ರದಲ್ಲೇ ಬರೆಸಿ, ಚಿತ್ರದ ದೊಡ್ಡಪ್ಪನಿಗೇ ಜಾರಿ ಮಾಡಿಸಬೇಕು. ಅವರು ಸದಾ ನಗುತ್ತಿರುತ್ತಾರೆ, ಮರುಮಾತಾಡುವವರಲ್ಲ. ಚಿತ್ರದ ಗಿರಾಕಿಗಳಿಗೆ ಆಗಾಗ ಕೆಳಗಿಳಿದು ಏನಾದರೂ ಕೊಳ್ಳಿರೆಂದು ಆಜ್ಞೆ ಹೊರಡಿಸಬೇಕು. ಅದು ಕಷ್ಟವೆನಿಸಿದರೆ, ಬಸ್ ನಿಲ್ದಾಣದ ಒಂದು ಚಿತ್ರವನ್ನಾದರೂ ನಮ್ಮ ಬೀದಿಯ ಮೂಲೆಯಲ್ಲಿ ಬರೆಸಿಕೊಡಬೇಕು. ಬಸ್ಸು ಬಂದೀತೆಂದು ಕಾಯಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ, ಸದ್ಯಕ್ಕೆ ಶಟರ್ ಪೂರ್ತಿ ಎತ್ತಿಕೊಂಡೇ ಕೂತಿರುವ,
ಗುಂಡಿ-ದಾರದ ಅಂಗಡಿಯವಳು

ಮರೆತ ಮಾತು: ನಿನ್ನೆ ಬೆಳಿಗ್ಗೆ ತಮ್ಮ ಕಲಾವಿದರು ಬಂದು, ನಾನಿನ್ನೂ ಒಳಗೆ ಕೂತಿರುವಾಗಲೇ ನನ್ನ ಶಟರಿನ ಉದ್ದಗಲ ಅಳೆದುಕೊಂಡು ಹೋದರು. ಯಾಕೆಂದು ಕೇಳಿದ್ದಕ್ಕೆ, “ಅವಸರ ಏನಿಲ್ಲ ಅಕ್ಕಾ, ನಿಧಾನಕ್ಕೆ ಆಗ್ಲಿ” ಎಂದರು. ಅಳೆಯುವ ಟೇಪನ್ನು ತರಲು ಮರೆತಿದ್ದರಂತೆ, ನನ್ನಲ್ಲೇ ಕೊಂಡರು. ನಿನ್ನೆಯ ಬೋಣಿ ಅದೇ.