ಅಜ್ಜನ ಪಾವಟಿಗೆ, ದಸರೆಯ ಗಡುವು

ಮನೆಯಲ್ಲಿ ಹತ್ತಿಳಿಯಲು ಕಟ್ಟಿಗೆಯ ಪಾವಟಿಗೆ ಇದ್ದವನಿಗೆ ಬೇರೆ ಹವ್ಯಾಸ ಬೇಕಾಗುವುದಿಲ್ಲ. ಅದು ತಾನಾಗಿಯೇ ಏನಾದರೊಂದು ಒದಗಿಸುತ್ತಿರುತ್ತದೆ.

ಕುಷ್ಟಗಿಯ ನಮ್ಮ ಮನೆಯ ಪಾವಟಿಗೆ ಅಜ್ಜ ಹಾಕಿಸಿದ್ದು, ಸಾಗವಾನಿಯದು. ಹತ್ತಿದರೆ ಮಾಳಿಗೆಯ ಮೇಲೆ ನನ್ನ ಓದುವ ಕೋಣೆ. ಈ ಕಾರಣಕ್ಕೆ ನನಗೆ ಅದರ ಮೇಲೆ ಪ್ರೀತಿ, ಇದೇ ಕಾರಣಕ್ಕೆ ಹೆಂಡತಿಗೆ ಸಿಟ್ಟು. ಈ ವರ್ಷ ಆಕೆ ಗಡುವು ಕೊಟ್ಟಳು: “ದಸರಾ ತನಕಾ ನೋಡ್ತೀನ್ರಿ. ಹಲಗಿ ಸಪ್ಪಳ ನಿಲ್ಲಬೇಕು, ಚಂದ ಕಾಣಬೇಕು. ಇಲ್ಲಾಂದ್ರ ಕಿತ್ತು ಸಿಮೆಂಟಿಂದು ಕಟ್ಟಿಸೂದು.”

ಸಿಮೆಂಟಿನದಕ್ಕೆ ಅಗಲ ಬೇಕು. ಆ ಅಗಲಕ್ಕೆ ನನ್ನ ಕೋಣೆ ಹೋಗಬೇಕು.

ಸಪ್ಪಳ

ಬಡಿಗನನ್ನು ಕರೆಸಿದೆ. ಸಡಿಲಾದ ಹಲಗೆಗಳಿಗೆಲ್ಲ ಬೆಣೆ ಬಡಿದು, ಆನೆ ಹತ್ತಿದರೂ ಗೊತ್ತಾಗದಂತೆ ಮಾಡಿ ಹೋದ. ಮರುದಿನದಿಂದ ನನಗೆ ಚಹಾ ಬರುವುದು ನಿಂತಿತು.

ವಿಚಾರಿಸಿದಾಗ ತಿಳಿದದ್ದಿಷ್ಟು. ಇಷ್ಟು ವರ್ಷ ಕೆಳಗಿನ ಹಲಗೆ ‘ಕಿರ್’ ಎಂದ ಕೂಡಲೇ ಅವ್ವ ಒಲೆಯ ಮೇಲೆ ಚಹಾ ಇಡುತ್ತಿದ್ದಳು. ಈಗ ನಾನು ಇಳಿದದ್ದೇ ಆಕೆಗೆ ಗೊತ್ತಾಗುತ್ತಿರಲಿಲ್ಲ. ನಾನಂತೂ ಬಾಯಿಬಿಟ್ಟು ಕೇಳುವವನಲ್ಲ. ಕೊನೆಗೆ ಅವ್ವನೇ ಬಡಿಗನನ್ನು ಕರೆಸಿ, ಆ ಒಂದು ಹಲಗೆಯನ್ನಾದರೂ ಮೊದಲಿನಂತೆ ಮಾಡಿಕೊಡು ಎಂದಳು. ಸಪ್ಪಳ ಬೇಡ ಎನ್ನುವವರನ್ನಷ್ಟೇ ಕಂಡಿದ್ದ ಆತ ಹಲಗೆಯನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿದ.

“ಎಂಥಾ ಸಪ್ಪಳ ಬೇಕ್ರಿ ಅವ್ವಾರ? ಬೀಗರು ಬಂದಂಗೋ, ಕಳ್ಳರು ಬಂದಂಗೋ?”

ಎಣ್ಣೆ

ಸಪ್ಪಳ ಹೋಗಿ ಬಂದದ್ದರಿಂದ ಉಳಿದದ್ದು ಚಂದ ಕಾಣಿಸುವ ಕೆಲಸ. ಕಟ್ಟಿಗೆಗೆ ಅಗಸಿ ಎಣ್ಣೆ ಒಳ್ಳೆಯದೆಂದು ಎಲ್ಲೋ ಓದಿದ್ದೆ. ಮನೆಯಲ್ಲಿ ಕುಸುಬಿ ಎಣ್ಣೆ ಡಬ್ಬಿಗಟ್ಟಲೆ ಇರುವಾಗ ಮತ್ತೊಂದು ಯಾಕೆ ಎಂದಳು ಅವ್ವ. ಒಂದು ಮಧ್ಯಾಹ್ನ ಕುಳಿತು ಅದನ್ನೇ ಮೇಲಿನಿಂದ ಕೆಳಗಿನ ತನಕ ತಿಕ್ಕಿದೆ. ಬಿಸಿಲಿಗೆ ಮನೆಯೆಲ್ಲ ಮಿರ್ಚಿ ಭಜಿ ಅಂಗಡಿಯ ವಾಸನೆ.

ಅದೇ ಹೊತ್ತಿಗೆ ಅಳವಂಡಿಯ ಬೀಗರು ಬಂದರು. ಐದು ನಿಮಿಷದ ಮಾತಿಗೆ ಬಂದವರು, ಮಾತು ಮುಗಿದರೂ ಏಳಲಿಲ್ಲ. ಮಳೆಯ ವಿಷಯ ಆಯಿತು, ತೊಗರಿಯ ವಿಷಯ ಆಯಿತು, ಮತ್ತೆ ಮಳೆಗೇ ಬಂದರು. ಕಣ್ಣು ಮಾತ್ರ ಅಡುಗೆಮನೆಯ ಕಡೆಗೆ. ಹೆಂಡತಿ ಅರ್ಥ ಮಾಡಿಕೊಂಡು, ನನ್ನತ್ತ ಒಮ್ಮೆ ನೋಡಿ, ಹಿಟ್ಟು ಕಲಸಲು ಎದ್ದಳು.

ಭಜಿ ತಿಂದು, ಕೈ ತೊಳೆದು, ಹೋಗುವಾಗ ನಿಜಸಂಗತಿ ತಿಳಿದ ಬೀಗರು ಗಂಭೀರವಾಗಿ ಹೇಳಿದರು: “ಕಟ್ಟಿಗಿ ಒಣಗಗೊಡಬ್ಯಾಡ್ರಿ. ಮುಂದಿನ ವಾರ ಮತ್ತ ಹಚ್ಚ್ರಿ, ಬರ್ತೀನಿ.”

ಹೆಂಡತಿ ಅಂದೇ ಸಂಜೆ ಸಿಮೆಂಟ್ ಕೆಲಸದ ಗೌಂಡಿಗೆ ಫೋನ್ ಮಾಡಿದಳು.

ಪೂಜೆ

ಆಯುಧ ಪೂಜೆಯ ಮುಂಜಾನೆ ನಾನು ಬೇಗ ಮೇಲೆ ಹೋಗಿ ಓದುತ್ತ ಕುಳಿತಿದ್ದೆ. ಇಳಿಯಲು ಬಂದರೆ ಪಾವಟಿಗೆಯ ಹಲಗೆ ಹಲಗೆಗೂ ವಿಭೂತಿ, ಕುಂಕುಮ, ಚೆಂಡುಹೂವು. ಕೆಳಗೆ ಅವ್ವ ಕಾಯಿ ಒಡೆದು ನಿಂತಿದ್ದಳು. ಕುಡುಗೋಲು, ಸೈಕಲ್ಲು, ಮಿಕ್ಸರ್ ಎಲ್ಲಕ್ಕೂ ಆದಮೇಲೆ, ಇಷ್ಟು ವರ್ಷ ದುಡಿದದ್ದಕ್ಕೇಕೆ ಬೇಡ ಎನ್ನಿಸಿತಂತೆ.

“ಕಾಲು ಇಡಬ್ಯಾಡೋ ತಮ್ಮಾ, ಪೂಜಿ ಆಗೇತಿ.”

“ಮತ್ತ ನಾ ಇಳಿಯೂದು?”

“ನಾಳೆ, ಬನ್ನಿ ಕೊಟ್ಟ ಮ್ಯಾಲ.”

ಮಾಳಿಗೆಯ ಮೇಲೊಂದು ಬಚ್ಚಲಿದೆ ಎಂಬುದನ್ನು ಓದುಗರ ನೆಮ್ಮದಿಗಾಗಿ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ಗೌಂಡಿ ಬಂದ. ದಶಮಿಗೆ ಕೆಲಸ ಹಿಡಿಯುವ ಮೊದಲು ಜಾಗ ನೋಡಿ ಹೋಗಲು ಹೆಂಡತಿ ಹೇಳಿದ್ದಳು. ಆತ ಪಾವಟಿಗೆ ನೋಡಿದ, ಚಪ್ಪಲಿ ಬಿಟ್ಟ, ಕೈ ಮುಗಿದ.

“ಇದನ್ನ ಒಡಿಯೂದು ನನ್ನ ಕೈಲೆ ಆಗೂದಿಲ್ರಿ ಅಕ್ಕಾರ. ನಾನೂ ಮಕ್ಕಳು ಮರಿ ಇರಾಂವ.”

ನನ್ನ ಕೋಣೆ ಉಳಿಯಿತು. ನಾನು ಅದರಲ್ಲೇ ಉಳಿದೆ. ಗೌಂಡಿಗೆ ಪಾಪ ಎನ್ನಿಸಿರಬೇಕು. ಓಣಿಯ ಆ ತುದಿಯಲ್ಲಿ ಆತನ ಕಟ್ಟಡದ ಕೆಲಸ ನಡೆದಿತ್ತು. ಅಲ್ಲಿಂದ ಬಿದಿರಿನ ನಿಚ್ಚಣಿಕೆ ಹೊತ್ತು ತಂದು ಹೊರಗೋಡೆಗೆ ಆನಿಸಿದ. ನಾನು ಒಂದು ಕಾಲು ಇಳಿಬಿಟ್ಟೆ.

“ತಡಿ,” ಎಂದಳು ಅವ್ವ. ನಿಚ್ಚಣಿಕೆಯನ್ನು ಹತ್ತಿರದಿಂದ ನೋಡಿದಳು. “ಇದಕ್ಕೂ ವಿಭೂತಿ ಇಟ್ಟಿಯೇನಪಾ?”

“ಮುಂಜಾನೇನ ಇಟ್ಟೀನ್ರಿ ಅವ್ವಾರ.”

ಅವ್ವ ನನ್ನತ್ತ ನೋಡಿ ಬೇಡವೆಂದು ಕೈ ಆಡಿಸಿದಳು. ಆಮೇಲೆ ಗೌಂಡಿ ನಿಚ್ಚಣಿಕೆಗೂ ಕೈ ಮುಗಿದು, ಹೊತ್ತುಕೊಂಡು ಹೋದ. ನಾನು ಕಾಲು ಮೇಲೆ ತೆಗೆದುಕೊಂಡೆ.

ಹೋಳಿಗೆ ಬಾವಿಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೆ ಬಂತು. ಓದಲು ಬೇಕಾದಷ್ಟಿತ್ತು.

ಮರುದಿನ ಸಂಜೆ ಬನ್ನಿ ಕೊಟ್ಟು ಬಂದಮೇಲೆ ಅವ್ವ ಅಪ್ಪಣೆ ಕೊಟ್ಟಳು. ಇಳಿದೆ. ಕೆಳಗಿನ ಹಲಗೆ ‘ಕಿರ್’ ಎಂದಿತು, ಅಡುಗೆಮನೆಯಲ್ಲಿ ಚಹಾದ ಪಾತ್ರೆಯ ಸದ್ದಾಯಿತು. ಹೆಂಡತಿ ಕೈಗೆ ಬನ್ನಿ ಇಟ್ಟು, ಬಂಗಾರದಂಗ ಇರೂಣು ಎಂದಳು. ಸಿಮೆಂಟಿನ ಮಾತೇನಾಯಿತು ಎಂದು ಕೇಳಿದೆ.

“ಇದ ಇರಲಿ ಬಿಡ್ರಿ,” ಎಂದಳು. “ನಿನ್ನಿಯಿಂದ ಮನಿ ಎಷ್ಟ ಶಾಂತ ಇತ್ತು. ಯುಗಾದಿಗೂ ಒಮ್ಮಿ ಪೂಜಿ ಮಾಡೂಣು.”