ನಾಲ್ಕು ಎಳೆ ನೂಲು

ಪೋಸ್ಟ್ ಮಾವ ಒದ್ದೆ ಬಟ್ಟೆ ಹಿಂಡಿಕೊಂಡು, ಮಗುವಿನ ತಲೆ ಒರೆಸುವ ಹಾಗೆ ತಂಬೂರಿಯ ಬುರುಡೆ ಒರೆಸುತ್ತಿದ್ದರು. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ನಿವೃತ್ತರಾದ ಅವರನ್ನು ಕಟ್ಟಡದವರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ತಂತಿಗಳನ್ನು ಹೊತ್ತ ಪುಟ್ಟ ಮರದ ಕುದುರೆಯ ಮೇಲೆ, ಒಂದೊಂದು ತಂತಿಯ ಅಡಿಯಲ್ಲೂ ಒಂದೊಂದು ಕೊಳಕು ನೂಲು ಸಿಕ್ಕಿಕೊಂಡಿತ್ತು. "ಥೂ, ಯಾವ ಕಾಲದ ಕಸವೋ" ಎಂದು ನಾಲ್ಕನ್ನೂ ಹೆಕ್ಕಿ ಕಿಟಕಿಯಿಂದಾಚೆ ಊದಿಬಿಟ್ಟರು.

ತಂಬೂರಿ ಅವರ ಹೆಂಡತಿಯದು. ಸಂಗೀತದ ಟೀಚರ್ ಆಗಿದ್ದ ಆಕೆ ತೀರಿಕೊಂಡು ಹದಿನಾಲ್ಕು ತಿಂಗಳು. ಮಾವನಿಗೆ ಸ್ವರವೂ ತಿಳಿಯದು, ತಾಳವೂ ತಿಳಿಯದು. ಆದರೂ ದಿನಾ ಹತ್ತು ನಿಮಿಷ ಆ ತಂತಿ ಮೀಟುತ್ತ ಕೂರುತ್ತಿದ್ದರು. ಮನೆ ತುಂಬ ಗುಂಯ್ ಎನ್ನುವ ನಾದ ಇರುವವರೆಗೆ ಆಕೆ ಒಳಗೆಲ್ಲೋ ಇದ್ದಾಳೆ, ಇನ್ನೇನು ಬಂದು "ಬೆರಳು ನೆಟ್ಟಗಿಡ್ರೀ" ಎಂದು ಗದರುತ್ತಾಳೆ ಅನಿಸುತ್ತಿತ್ತು. ಆ ಹತ್ತು ನಿಮಿಷಕ್ಕಾಗಿಯೇ ಅವರು ಬೆಳಿಗ್ಗೆ ಏಳುತ್ತಿದ್ದದ್ದು.

ಒರೆಸಿ ಮುಗಿಸಿ ಮೀಟಿದರು. ಟಿಣ್. ಇನ್ನೊಮ್ಮೆ ಮೀಟಿದರು. ಟಿಣ್, ಟಿಣ್. ಬಟ್ಟೆ ಒಣಹಾಕುವ ತಂತಿಯನ್ನು ಕಾಗೆ ಕುಕ್ಕಿದ ಹಾಗೆ. ಮಾವ ತಂತಿಗೇ ಕಿವಿ ಹಚ್ಚಿ ಮತ್ತೆ ಮತ್ತೆ ಮೀಟಿದರು.

"ಏನ್ ಮಾವ, ತಂಬೂರಿಗೆ ನೆಗಡಿನಾ?" ಮಹಡಿಯಮ್ಮ ಇಳಿದು ಬಂದೇಬಿಟ್ಟಳು. ಕೇಳದೆ ಉಪಕಾರ ಮಾಡುವುದು ಆಕೆಯ ಹುಟ್ಟುಗುಣ. ಒಣಗಿದ್ದ ಎಲ್ಲರ ಬಟ್ಟೆಯನ್ನೂ ಮಡಿಸಿ, ತಪ್ಪು ಮನೆಗಳಿಗೆ ಹಂಚಿ ಬರುವವಳು. "ಚರ್ಮ ಒಣಗಿದೆ ಅಷ್ಟೇ" ಎನ್ನುತ್ತ ಬಟ್ಟಲು ತುಂಬ ಹರಳೆಣ್ಣೆ ತಂದು, ಬೇಡ ಬೇಡ ಅಂದರೂ ಬುರುಡೆಗೆ ಅಭ್ಯಂಜನ ಮಾಡಿಸಿದಳು. ತಂಬೂರಿ ಮೀನಿನ ಹಾಗೆ ಮಾವನ ತೊಡೆಯಿಂದ ಜಾರತೊಡಗಿತು. ದನಿ ಮಾತ್ರ ಟಿಣ್.

ಅಷ್ಟರಲ್ಲಿ ಎದುರು ಮನೆಯ ಕಾಂಪೌಂಡರ್ ಸ್ಟೆತಸ್ಕೋಪ್ ಸಮೇತ ಬಂದ. ಬುರುಡೆಗೆ ಅದನ್ನು ಒತ್ತಿ, ಕಣ್ಣು ಮುಚ್ಚಿ ಆಲಿಸಿ, ಮುಖ ಸಣ್ಣದು ಮಾಡಿಕೊಂಡ.

"ಒಳಗೇನೂ ಕೇಳಿಸ್ತಿಲ್ಲ. ಮನೆಯವರಿಗೆ ತಿಳಿಸಿಬಿಡೋದು ಒಳ್ಳೇದು."

"ಮನೆಯವನು ನಾನೇ ಕಣಯ್ಯಾ!" ಎಂದರು ಮಾವ. ಯಾರೂ ನಗಲಿಲ್ಲ.

ಎಲ್ಲರೂ ಹೋದ ಮೇಲೆ ಮನೆ ಬಾವಿಯ ಹಾಗಾಯಿತು. ಮಾವ ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದರು. ಹೆಂಡತಿಯ ಹಳೆಯ ಶಿಷ್ಯೆ ವರ್ಷದ ಹಿಂದೆ ಬರೆದದ್ದು: "ಟೀಚರ್ ತಂಬೂರಿಯನ್ನು ನನಗೆ ಕೊಡುವಿರಾ ಮಾವ?" ಅಷ್ಟು ಓದುವಷ್ಟರಲ್ಲೇ ಆವತ್ತು ಮೈ ಉರಿದು, ಮಡಿಸಿ ಒಳಗೆ ತುರುಕಿದ್ದರು. ಉತ್ತರ ಹಾಕಿರಲಿಲ್ಲ.

ಈಗ ಹಾಕಿದರು. "ನಿನ್ನ ಟೀಚರ್ ತಂಬೂರಿಯನ್ನು ನನ್ನ ಕೈಯಾರೆ ಕೊಂದೆ. ನಿನಗೆ ಸಾಧ್ಯವಾದರೆ ಬದುಕಿಸಿಕೋ. ಬಂದು ತೆಗೆದುಕೊಂಡು ಹೋಗು, ಇನ್ನು ಅದು ನಿನ್ನದು." ಲಕೋಟೆಗೆ ಹಾಕಿ, ಎಣ್ಣೆಗೈಯಲ್ಲೇ ವಿಳಾಸ ಬರೆದು, ಸ್ಟಾಂಪ್ ಅಂಟಿಸಿ, ಮೇಜಿನ ಮೇಲಿಟ್ಟರು.

ಅವಳ ಕಾಗದ ಮಡಿಸುವಾಗ ಹಿಂಬದಿಯಲ್ಲೂ ಅಕ್ಷರ ಕಂಡವು.

"ಕೊಡದಿದ್ದರೂ ಬೇಸರವಿಲ್ಲ. ತಂತಿಯಡಿಯ ನೂಲು ಮುಟ್ಟಿದರೆ ಟೀಚರ್ ನಮ್ಮ ಬೆರಳಿಗೆ ಹೊಡೆಯುತ್ತಿದ್ದರು, ನೆನಪಿದೆಯಾ? ಆ ನೂಲು ಇದ್ದರೇ ತಂಬೂರಿ ಗುಂಯ್ಗುಡುವುದು. ಅದು ಸವೆದರೆ ನನ್ನನ್ನು ಕರೆಯಿರಿ, ಹೊಸದು ಹಾಕಿಕೊಟ್ಟು ಬರುತ್ತೇನೆ."

ಮಾವ ಬರಿಗಾಲಲ್ಲೇ ಕೆಳಗಿನ ಟೈಲರ್ ಅಂಗಡಿಗೆ ಓಡಿದರು. "ನಾಲ್ಕು ಎಳೆ ನೂಲು ಕೊಡೋ, ಬೇಗ!"

"ಏನ್ ಹೊಲೀಬೇಕಿತ್ತು ಮಾವ?"

"ತಂಬೂರಿ!"

ಟೈಲರ್ ಮರುಮಾತಾಡದೆ ಕೊಟ್ಟ.

ತಂತಿಯಡಿ ನೂಲು ತೂರಿಸಿ, ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಸರಿಸಿದರು. ಟಿಣ್. ಟಿಣ್. ಟಿ... ಗುಂಯ್! ಒಂದು, ಎರಡು, ನಾಲ್ಕೂ. ಮನೆ ತುಂಬಿತು. ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಅದೇ ಒದ್ದೆ ಬಟ್ಟೆ.

ಮೊದಲು ತಾವು ಬರೆದ ಆ ಕಾಗದ ಹರಿಯಬೇಕು ಎಂದು ಎದ್ದರು. ಮೇಜು ಬರಿದಾಗಿತ್ತು.

"ಕಾಗದ ಹುಡುಕ್ತಿದೀರಾ ಮಾವ?" ಬಾಗಿಲಲ್ಲಿ ಮಹಡಿಯಮ್ಮ. "ಎಣ್ಣೆ ಬಟ್ಟಲು ತಗೊಂಡು ಹೋಗೋಣ ಅಂತ ಬಂದೆ, ನೀವಿರಲಿಲ್ಲ. ಸ್ಟಾಂಪ್ ಅಂಟಿಸಿ ಮರೆತಿದ್ರಿ, ನಾನೇ ಡಬ್ಬಿಗೆ ಹಾಕಿ ಬಂದೆ. ಉಪಕಾರ ಗಿಪಕಾರ ಅನ್ಬೇಡಿ, ಅಷ್ಟೂ ಮಾಡದಿದ್ರೆ ಹೇಗೆ?"

ಮಾವ ರಸ್ತೆಯ ತಿರುವಿಗೆ ಓಡಿದಾಗ ಪೋಸ್ಟ್‌ಮ್ಯಾನ್ ಡಬ್ಬಿಯ ಬೀಗ ತೆಗೆದು ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವರ ಕೈಕೆಳಗೇ ಪಳಗಿದವನು.

"ನಂದೊಂದಿದೆ ಕಣೋ, ವಾಪಸ್ ಕೊಡು."

"ಡಬ್ಬಿಗೆ ಬಿದ್ದ ಮೇಲೆ ಕಾಗದ ಬರೆದವರದ್ದಲ್ಲ, ಅತ್ತು ಕರೆದರೂ ಕೊಡಬೇಡ ಅಂತ ಹೇಳಿಕೊಟ್ಟೋರು ನೀವೇ ಅಲ್ವಾ ಸಾರ್?"

ಮಾವ ಚೀಲದೊಳಗೇ ಇಣುಕಿದರು. ಆ ಮುಖ ನೋಡಿ ಅವನಿಗೆ ಪಾಪ ಅನಿಸಿತು. ಲಕೋಟೆ ಹುಡುಕಿ ತೆಗೆದು, ದನಿ ತಗ್ಗಿಸಿದ. "ನೋಡಿ, ಎಣ್ಣೆಗೆ ಊರಿನ ಹೆಸರೇ ಅಳಿಸಿದೆ. ಪಿನ್ ಕೋಡೂ ಇಲ್ಲ. ಹೀಗೇ ಬಿಡಿ, ಹದಿನೈದು ದಿನ ಎಲ್ಲೆಲ್ಲೋ ಸುತ್ತಿ ನಿಮ್ಮನೆಗೇ ಬರತ್ತೆ."

ಅರೆಬರೆ ವಿಳಾಸದ ಕಾಗದ! ಮೂವತ್ತೈದು ವರ್ಷದಲ್ಲಿ ಅಂಥದ್ದನ್ನು ಕಂಡು ಮಾವನ ಕೈ ಒಂದು ದಿನವೂ ಸುಮ್ಮನಿದ್ದದ್ದಿಲ್ಲ.

"ಎಲ್ಲಿ, ಇಲ್ಲಿ ಕೊಡು" ಎಂದು ಗೊಣಗುತ್ತ ಜೇಬಿನ ಪೆನ್ನು ತೆಗೆದರು. ಊರಿನ ಹೆಸರನ್ನು ದುಂಡಗೆ ತಿದ್ದಿದರು. ಬಾಯಿಪಾಠವಾಗಿದ್ದ ಆರು ಅಂಕಿಗಳನ್ನು ಒಂದೊಂದಾಗಿ ಬರೆದರು. ಕೊನೆಯ ಅಂಕಿ ಮುಗಿಸಿ ಪೆನ್ನು ಎತ್ತಿದ ಮೇಲೆಯೇ ತಾವೇನು ಮಾಡಿದೆವೆಂದು ತಿಳಿದದ್ದು.

ಪೋಸ್ಟ್‌ಮ್ಯಾನ್ ಅವರನ್ನೊಮ್ಮೆ ನೋಡಿದ. ಕಾಗದ ಇಸಿದುಕೊಂಡು ಚೀಲದೊಳಗೆ ಹಾಕಿ, ಮಾವ ಕಲಿಸಿದ್ದ ಹಾಗೆಯೇ ಎರಡು ಸುತ್ತು ಸುತ್ತಿ ಬಾಯಿ ಬಿಗಿದ.