ಸಡಿಲ ಸ್ಟೇರಿಂಗಿನ ಪಿಕಪ್ಪೂ ನನ್ನ ಹಿತೈಷಿಗಳೂ

ಹಳೇ ಗಾಡಿ ಇಟ್ಟುಕೊಂಡವನ ಮನೆಯಲ್ಲಿ ನಗುವುದಕ್ಕೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯುವಾಗ ಮಾತ್ರ ನಗು ಬರುವುದಿಲ್ಲ, ಅಷ್ಟೇ.

ನನ್ನದು ಅವರ್ಸಾದಲ್ಲಿ ಪೆಂಡಾಲು, ಪಾತ್ರೆ ಬಾಡಿಗೆಗೆ ಕೊಡುವ ಕೆಲಸ. ಮದುವೆ, ಮುಂಜಿ, ಗೃಹಪ್ರವೇಶ ಎಂದು ಅಂಕೋಲಾದಿಂದ ಕಾರವಾರದವರೆಗೆ ಓಡಾಟ. ಅದಕ್ಕೊಂದು ಹಳೇ ಪಿಕಪ್ ಇದೆ. ಕೊಂಡಾಗಲೇ ಅದು ಹಳೆಯದು. ಆ ಗಾಡಿಯ ಸ್ಟೇರಿಂಗ್ ಸಡಿಲಾಗಿದೆ ಎಂಬುದು ಊರಿಗೆಲ್ಲ ಗೊತ್ತಾದ ಮೇಲೆ ಕೊನೆಗೆ ಗೊತ್ತಾದದ್ದು ನನಗೆ.

ಪೊಲೀಸರ ಸರ್ಟಿಫಿಕೇಟು

ಒಂದು ಮಧ್ಯಾಹ್ನ ಹೈವೇಯಲ್ಲಿ ಬರುತ್ತಿದ್ದೆ. ರಸ್ತೆ ಹಾಸಿದ ಚಾಪೆಯ ಹಾಗೆ ನೆಟ್ಟಗಿತ್ತು. ಹಿಂದಿನಿಂದ ಬಂದ ಪೊಲೀಸರು ಗಾಡಿ ಬದಿಗೆ ಹಾಕಿಸಿದರು. ಬಹಳ ಹೊತ್ತಿನಿಂದ ನನ್ನ ಹಿಂದೆಯೇ ಬರುತ್ತಿದ್ದರಂತೆ. ನೆಟ್ಟಗಿನ ರಸ್ತೆಯಲ್ಲಿ ನನ್ನ ಗಾಡಿ ಅತ್ತ ಒಮ್ಮೆ, ಇತ್ತ ಒಮ್ಮೆ ಹೋಗುವುದು ನೋಡಿ ಹಗಲಲ್ಲೇ ಏರಿಸಿದ್ದಾನೆ ಎಂದುಕೊಂಡಿದ್ದಾರೆ.

ನಾನು ವೀಳ್ಯದೆಲೆಯನ್ನೂ ಹಾಕದವನು. ಅವರು ಮಶೀನು ಹಿಡಿದರು, ಊದಿದೆ. ಏನೂ ತೋರಿಸಲಿಲ್ಲ. ಮತ್ತೊಮ್ಮೆ ಊದಿಸಿದರು. ಆಗಲೂ ಇಲ್ಲ. ಅವರಲ್ಲೊಬ್ಬರು ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗನ್ನು ಆಚೀಚೆ ಆಡಿಸಿದರು. ಒಂದು ಗೇಣು ಆಡಿತು, ಚಕ್ರ ಮಿಸುಕಲಿಲ್ಲ.

"ನೀ ಕುಡದಿಲ್ಲ. ಗಾಡಿ ಕುಡದದೆ. ಮೊದ್ಲು ಅದನ್ನ ತೋರ್ಸು" ಎಂದು ಹೇಳಿ ಬಿಟ್ಟರು.

ಮನೆಗೆ ಬಂದವನು ಹೆಂಡತಿಯ ಮುಂದೆ ಎದೆಯುಬ್ಬಿಸಿ, ನಾನು ಕುಡಿಯುವುದಿಲ್ಲ ಎಂದು ಪೊಲೀಸರೇ ಬರೆದುಕೊಡುವಂತಾಗಿದೆ ಎಂದೆ. ಅವರು ಹೇಳಿದ ಉಳಿದರ್ಧ ಮಾತು ಅವಳಿಗೆ ಹೇಳುವಂಥದ್ದು ಎಂದು ನನಗೆ ಅನಿಸಲೇ ಇಲ್ಲ.

ಪಾತ್ರೆಗಳಿಗೆ ಗೋಣಿ

ಆಮೇಲೆ ಸದ್ದು ಶುರುವಾಯಿತು. ಹೊಂಡ ಬಂದಲ್ಲೆಲ್ಲ ಕಟಕ್, ಕಟಕ್. ಹಿಂದೆ ಇಷ್ಟು ಹಂಡೆ, ಕೊಳದಪ್ಪಲೆ, ಸೌಟು ತುಂಬಿಕೊಂಡು ಹೋಗುವವನಿಗೆ ಸದ್ದು ಎಲ್ಲಿಯದೆಂದು ಬೇರೆ ಹುಡುಕಬೇಕೇ? ಪಾತ್ರೆಯದೇ ಎಂದುಕೊಂಡೆ. ದೊಡ್ಡ ಪಾತ್ರೆಗಳಿಗೆಲ್ಲ ಒಂದೊಂದು ಗೋಣಿ ಸುತ್ತಿ ಹಗ್ಗ ಕಟ್ಟಿದೆ. ಸಣ್ಣವುಗಳ ನಡುವೆ ಒಣಹುಲ್ಲು ತುರುಕಿದೆ.

ಇದರಿಂದ ಕಷ್ಟಕ್ಕೆ ಸಿಕ್ಕಿದವರು ನಮ್ಮ ಅಡುಗೆ ಭಟ್ಟರು. ದೊಡ್ಡ ಕೆಲಸಗಳಿಗೆ ಅವರು ನನ್ನ ಗಾಡಿಯಲ್ಲೇ ಬರುತ್ತಾರೆ. ಸಾರಿಗೆ ಒಲೆ ಹಚ್ಚುವ ಮೊದಲು ಅವರು ಗಂಟು ಬಿಚ್ಚುತ್ತ ಕೂರಬೇಕಾಯಿತು. ಪಾಯಸದಲ್ಲಿ ಹುಲ್ಲುಕಡ್ಡಿ ಸಿಕ್ಕಿತೆಂದು ಒಬ್ಬ ಬೀಗರು ಅವರನ್ನೇ ಕೇಳಿದರಂತೆ. ಇಷ್ಟಾದರೂ ಕಟಕ್ ಕಟಕ್ ನಿಲ್ಲಲಿಲ್ಲ. ನಾನು ಇನ್ನಷ್ಟು ಗೋಣಿ ತಂದೆ.

ಒಂದು ದಿನ ಮದುವೆ ಮನೆಯಲ್ಲಿ ಪಾತ್ರೆಗಳನ್ನೆಲ್ಲ ಇಳಿಸಿ, ತರಕಾರಿ ತರಲು ನಾವಿಬ್ಬರೂ ಅಂಕೋಲಾ ಪೇಟೆಗೆ ಹೊರಟೆವು. ಖಾಲಿ ಗಾಡಿ, ಒಂದು ಚಮಚವೂ ಇಲ್ಲ. ಹೊಂಡ ಬಂತು. ಕಟಕ್.

ಭಟ್ಟರು ಮೆಲ್ಲಗೆ ನನ್ನ ಕಡೆ ತಿರುಗಿದರು. "ಇವತ್ತು ಎಂತಾ ಮಾಡೂದು? ನನ್ನನ್ನ ಗೋಣಿಲಿ ಸುತ್ತೂದಾ?"

ಮಾಲು ಕೊಡದ ಅಂಗಡಿಯವರು

ದೀಪಾವಳಿಗೆ ಹಾಕಿಸಿದ ಮುಂದಿನ ಎರಡೂ ಟಯರು ಮಾವು ಹೂ ಬಿಡುವಷ್ಟರಲ್ಲಿ ಸವೆದುಹೋದವು. ಹೊರಗಿನಿಂದ ನೋಡಿದರೆ ಹೊಸತು, ಒಳಬದಿ ಮಾತ್ರ ಬೋಳು. ಅಂಕೋಲಾದ ಟಯರ್ ಅಂಗಡಿಗೆ ಹೋಗಿ, ನೀವು ಕೊಟ್ಟ ಮಾಲೇ ಸರಿ ಇರಲಿಲ್ಲ ಎಂದು ದಬಾಯಿಸಿದೆ. ಅಂಗಡಿಯವರು ತಾಳ್ಮೆಯ ಮನುಷ್ಯ. ಟಯರು ಎಂದೂ ತಾನಾಗಿ ಹೀಗೆ ಒಂದೇ ಮಗ್ಗುಲು ಸವೆಯುವುದಿಲ್ಲ, ಮುಂದಿನ ಜಾಯಿಂಟುಗಳು ಸಡಿಲಾಗಿ ಚಕ್ರ ನೆಟ್ಟಗೆ ನಿಲ್ಲುತ್ತಿಲ್ಲ ಎಂದು ಬಿಡಿಸಿ ಹೇಳಿದರು.

ನಾನು ಅವರಿಗೇ ಒಂದು ಉಪಾಯ ಹೇಳಿಕೊಟ್ಟೆ. ಟಯರು ತಿರುಗಿಸಿ, ಒಳಬದಿ ಹೊರಗೆ ಮಾಡಿ ಹಾಕಿಬಿಡಿ ಎಂದೆ. ಹಾಗೆ ಮಾಡಿದರೆ ಉಳಿದ ಬದಿಯೂ ಬೋಳಾಗಿ ಎರಡೂ ಸಮ ಆಗುತ್ತದೆ, ಅಷ್ಟೇ ಲಾಭ ಎಂದರು. ಹಾಗಾದರೆ ಹೊಸ ಜೋಡಿ ಕೊಡಿ ಎಂದೆ. ಅದನ್ನೂ ಕೊಡಲಿಲ್ಲ.

"ಮೊದ್ಲು ಗ್ಯಾರೇಜಿಗೆ ಹೋಗಿ ಬನ್ನಿ, ಆಮೇಲೆ ಕೊಡ್ತೆ."

ಗಿರಾಕಿಯನ್ನು ವಾಪಸು ಕಳಿಸುವ ಅಂಗಡಿ ಎಲ್ಲಾದರೂ ಉಂಟೇ ಎಂದು ಕೇಳಿದೆ.

"ಗಿರಾಕಿ ಉಳದ್ರೆ ಅಲ್ವಾ ಮತ್ತೆ ಬರೂದು" ಎಂದರು ಅವರು.

ಅತ್ತೆಯ ಅಸಹಕಾರ

ಇವರೆಲ್ಲ ಹೇಳಿದರೂ ಅಲುಗದ ನನ್ನನ್ನು ಅಲುಗಿಸಿದವರು ಶೆಟಗೇರಿಯಲ್ಲಿರುವ ನನ್ನ ಅತ್ತೆ.

ಅತ್ತೆ ಹಳೇ ಕಾಲದವರು. ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಏನಿದ್ದರೂ ಮಗಳ ಮೂಲಕ. ನಾನು ಪಕ್ಕದಲ್ಲೇ ಕೂತಿದ್ದರೂ, "ಅವ್ರಿಗೆ ಇನ್ನೊಂದು ದೋಸೆ ಬೇಕಾ ಕೇಳು" ಎನ್ನುತ್ತಾರೆ. ಮಾವು ಹಣ್ಣಾಗುವ ಹೊತ್ತಿಗೆ ಅವರನ್ನು ನಮ್ಮ ಮನೆಗೆ ಕರೆತರಲು ಹೋಗಿದ್ದೆ. ಶೆಟಗೇರಿಯಿಂದ ಅಂಕೋಲಾದವರೆಗೆ ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ಬಿಗಿದು ಕೂತಿದ್ದರು. ಹೊಂಡ ಬಂದಾಗೆಲ್ಲ ಕಣ್ಣು ಮುಚ್ಚುತ್ತಿದ್ದರು. ಪೇಟೆಯಲ್ಲಿ ಹೂವು ಕೊಳ್ಳಲೆಂದು ಇಳಿದವರು ಮತ್ತೆ ಗಾಡಿ ಹತ್ತಲಿಲ್ಲ. ಸೀದಾ ಬಸ್ಸು ಹತ್ತಿ ನನಗಿಂತ ಮೊದಲೇ ನಮ್ಮ ಮನೆ ತಲುಪಿದ್ದರು. ಮಗಳಿಗೆ ಹೇಳಿದ್ದು ಒಂದೇ ಮಾತು. "ಆ ಗಾಡೀಲಿ ನಾ ಇನ್ನು ಕೂತ್ಕಣೂದಿಲ್ಲ."

ಯಾಕೆ ಎಂದು ಎಷ್ಟು ಕೇಳಿದರೂ ಹೇಳಲಿಲ್ಲವಂತೆ. ಹೆಂಡತಿಗೆ ಜೀವ ಹಾರಿದಂತಾಯಿತು. ತನ್ನ ಆಯಿ ಸುಮ್ಮನೆ ಹಾಗೆಲ್ಲ ಹೇಳುವವಳಲ್ಲ, ಅವಳಿಗೆ ಏನೋ ಸೂಚನೆ ಸಿಕ್ಕಿದೆ ಎಂದಳು. ಆಗ ಪೊಲೀಸರ ಉಳಿದರ್ಧ ಮಾತೂ ನನ್ನ ಬಾಯಿಂದ ಹೊರಬಿತ್ತು. ಮರುದಿನ ಬೆಳಿಗ್ಗೆ ಅವಳೂ ಗಾಡಿ ಹತ್ತಿದಳು. ಗಾಡಿಯ ಮೇಲಿನ ನಂಬಿಕೆಯಿಂದಲ್ಲ, ನಾನು ಗ್ಯಾರೇಜಿಗೇ ಹೋಗುತ್ತೇನೋ ಇಲ್ಲವೋ ಎಂಬ ಸಂಶಯದಿಂದ.

ಬಳೆಯ ಸದ್ದು

ಕಾರವಾರದ ಗ್ಯಾರೇಜಿನ ಮೇಸ್ತ್ರಿ ಗಾಡಿಯಡಿ ಮಲಗಿ, ಯಾರಾದರೂ ಮೇಲೆ ಕೂತು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪಸ್ವಲ್ಪ ಆಡಿಸಿ ಎಂದರು. ಇಂಜಿನ್ ಬಂದ್ ಇತ್ತು. ನನ್ನ ಮೇಲೆ ನಂಬಿಕೆ ಹೋಗಿದ್ದರಿಂದ ಹೆಂಡತಿಯೇ ಕೂತಳು. ಅವಳು ಆಡಿಸಿದಳು, ಮೇಸ್ತ್ರಿ ಕಿವಿಗೊಟ್ಟರು. ಸ್ವಲ್ಪ ಹೊತ್ತಿಗೆ ಅಡಿಯಿಂದ ಧ್ವನಿ ಬಂತು.

"ವೈನಿ, ಒಂದು ಕಿಣಿಕಿಣಿ ಸದ್ದು ಬರ್ತದೆ. ನನ್ನ ಸರ್ವೀಸಿನಲ್ಲೇ ಇಂಥಾ ಸದ್ದು ಕೇಳ್ಲಿಲ್ಲ."

ಹೆಂಡತಿ ಬಳೆಗಳನ್ನು ಮೊಣಕೈವರೆಗೆ ಏರಿಸಿ ಕರವಸ್ತ್ರ ಕಟ್ಟಿದಳು. ಆಮೇಲೆ ಅಸಲು ಸದ್ದು ಕೇಳಿತು. ಮೇಸ್ತ್ರಿ ನನ್ನನ್ನೂ ಅಡಿಗೆ ಕರೆದು, ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಜಾಯಿಂಟಿನ ಮೇಲೆ ನನ್ನ ಬೆರಳು ಇಡಿಸಿದರು. ಅವಳು ಮೇಲೆ ಆಡಿಸಿದಾಗೆಲ್ಲ ಅದು ನನ್ನ ಬೆರಳಡಿ ಕುಪ್ಪಳಿಸುತ್ತಿತ್ತು. ರಬ್ಬರಿನ ಟೊಪ್ಪಿ ಹರಿದು, ಗ್ರೀಸು ಹೋಗಿ, ಸಮುದ್ರದ ಗಾಳಿಗೆ ತುಕ್ಕು ಹಿಡಿದಿತ್ತು. ಜಾಕ್ ಕೊಟ್ಟು ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಅಲ್ಲೂ ಕಟಕ್. ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟೂ ಹೋಗಿತ್ತು. ಬಿಚ್ಚುವಾಗ ಮೇಸ್ತ್ರಿ ಸರಳಿನ ಆ ತುದಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿದರು. ಒಳಗಿನ ಗುಂಡು ಗೂಡಿನಿಂದ ಕಳಚಿ ಅವರ ಅಂಗೈಗೇ ಬಂತು.

ಆಗಷ್ಟೇ ಬಿಣಗಾದ ತಿರುವು ಇಳಿದು ಬಂದಿದ್ದೆವು. ಅಲ್ಲಿ ಅದು ಕಳಚಿದ್ದರೆ ಸ್ಟೇರಿಂಗು ನನ್ನ ಕೈಯಲ್ಲಿ, ಚಕ್ರ ಅದರ ಪಾಡಿಗೆ. ನಾನು ಅಲ್ಲೇ ಇದ್ದ ಟಯರಿನ ಮೇಲೆ ಕೂತುಬಿಟ್ಟೆ.

"ನಿಮ್ಮ ದೇವ್ರು ದೊಡ್ಡವ್ನು ಅಣ್ಣ" ಎಂದರು ಮೇಸ್ತ್ರಿ.

"ನಮ್ಮ ಆಯಿ ದೊಡ್ಡವ್ಳು" ಎಂದಳು ಹೆಂಡತಿ.

ಸಂಜೆ ಹೊಸ ಜಾಯಿಂಟು ಹಾಕಿಸಿ, ಚಕ್ರದ ಅಲೈನ್‌ಮೆಂಟ್ ಮಾಡಿಸಿ ಹೊರಟೆವು. ಅಭ್ಯಾಸಬಲದಿಂದ ಸ್ಟೇರಿಂಗನ್ನು ಒಂದು ಗೇಣು ತಿರುಗಿಸಿದೆ. ಗಾಡಿ ಮೊದಲ ಬಾರಿಗೆ ನನ್ನ ಮಾತು ಕೇಳಿ ಸೀದಾ ಎಳನೀರು ಅಂಗಡಿಯ ಕಡೆ ಹೋಯಿತು. ಬ್ರೇಕು ಒತ್ತಿದೆ. ಗಾಡಿ ಸರಿಯಾಗಿದೆ, ಈಗ ನಿಮ್ಮನ್ನು ಎಲ್ಲಿ ತೋರಿಸುವುದು ಎಂದಳು ಹೆಂಡತಿ.

ಕೃತಜ್ಞತೆ

ಮರುದಿನದಿಂದ ಋಣ ತೀರಿಸಲು ಹೊರಟೆ. ಭಟ್ಟರ ಮುಂದೆ ಗೋಣಿಗಳನ್ನೆಲ್ಲ ಬಿಚ್ಚಿ ಎಸೆದೆ. ಅವರು ನನ್ನ ತಲೆ ಮುಟ್ಟಿ ಆಶೀರ್ವಾದ ಮಾಡಿದರು. ಟಯರ್ ಅಂಗಡಿಯವರ ಕೈ ಹಿಡಿದುಕೊಂಡೆ, ಹೊಸ ಜೋಡಿ ಹಾಕಿಸಿದೆ. ಆ ಪೊಲೀಸರು ಮಾತ್ರ ಮತ್ತೆ ಸಿಗಲಿಲ್ಲ. ಸಿಕ್ಕಿದರೆ ನಾನೇ ಗಾಡಿ ನಿಲ್ಲಿಸಿ ನಮಸ್ಕಾರ ಮಾಡುವವನಿದ್ದೆ.

ಅಷ್ಟರಲ್ಲಿ ಅತ್ತೆ ಬಸ್ಸಿನಲ್ಲೇ ಊರಿಗೆ ಮರಳಿದ್ದರು. ಕರಿ ಇಶಾಡು ಮಾವಿನಹಣ್ಣಿನ ಬುಟ್ಟಿ, ಒಂದು ಸೀರೆ ಹಿಡಿದುಕೊಂಡು ಗಂಡಹೆಂಡತಿ ಶೆಟಗೇರಿಗೆ ಹೋದೆವು. ನಾನು ಕಾಲು ಮುಟ್ಟಿ, ನೀವು ಅವತ್ತು ಹಟ ಹಿಡಿಯದಿದ್ದರೆ ನಾವಿಬ್ಬರೂ ಇರುತ್ತಿರಲಿಲ್ಲ, ನಮ್ಮ ಪಾಲಿಗೆ ನೀವೇ ದೇವರು ಎಂದೆ. ಹೇಳುವಾಗ ಕಣ್ಣು ತುಂಬಿತ್ತು. ಮೇಸ್ತ್ರಿಗೂ ಗಾಡಿಯಡಿ ಮಲಗಿದ ಮೇಲೆ ಗೊತ್ತಾದದ್ದು ನಿಮಗೆ ಕೂತಲ್ಲೇ ಹೇಗೆ ಗೊತ್ತಾಯಿತು ಎಂದು ಕೇಳಿದೆ.

ಅತ್ತೆ ಗಾಬರಿಯಾದರು. ಸೆರಗು ಬಾಯಿಗೆ ಅಡ್ಡ ಹಿಡಿದು ಮಗಳ ಕಿವಿಯಲ್ಲಿ ಏನೋ ಹೇಳಿ ಒಳಗೆ ಓಡಿದರು. ಹೆಂಡತಿ ಕಂಬ ಹಿಡಿದುಕೊಂಡು ನಗಲು ಶುರುಮಾಡಿದಳು. ನಗು ನಿಂತ ಮೇಲೆ ಹೇಳಿದಳು.

"ಆಯಿಗೆ ಸ್ಟೇರಿಂಗೂ ಗೊತ್ತಿಲ್ಲ, ಜಾಯಿಂಟೂ ಗೊತ್ತಿಲ್ಲ. ಆ ಬದಿ ಸೀಟಿನ ಸ್ಪ್ರಿಂಗು ಮೇಲೆ ಎದ್ದಿದೆಯಂತೆ. ಹೊಂಡ ಬಂದಾಗೆಲ್ಲ ಚುಚ್ತದಂತೆ. ಎಲ್ಲಿ ಚುಚ್ತದೆ ಅಂತ ಅಳಿಯನ ಹತ್ರ ಹೇಳೂದು ಹೇಗೆ?"

ನಿನಗೂ ಚುಚ್ಚಲಿಲ್ಲವೇ ಎಂದು ಅವಳನ್ನು ಕೇಳಿದೆ. ಚುಚ್ಚಿತ್ತು, ಆದರೆ ಅವತ್ತು ಅದು ಹೆದರಿಕೆ ಎಂದುಕೊಂಡಿದ್ದೆ ಎಂದಳು.

ನಾನು ಒಳಗಿನ ಬಾಗಿಲಿನ ಕಡೆ ತಿರುಗಿ ಇನ್ನೊಮ್ಮೆ ಕೈ ಮುಗಿದೆ. ಕಾರಣ ಯಾವುದಾದರೇನು, ಜೀವ ಉಳಿದದ್ದು ಸುಳ್ಳಲ್ಲವಲ್ಲ. ಒಳಗಿನಿಂದ ಅತ್ತೆಯ ಧ್ವನಿ ಕೇಳಿತು, ಯಥಾಪ್ರಕಾರ ಮಗಳಿಗೆ.

"ಅದೆಲ್ಲಾ ಇರ್ಲಿ, ಸೀಟು ರಿಪೇರಿ ಮಾಡ್ಸಿದ್ರಾ ಕೇಳು."